2025ರ ಕುಸ್ತಿ ವರ್ಷ: 2024ಕ್ಕಿಂತ ಮೇಲೋ, ಕೆಳಗೋ? 2000 ಇಸವಿ ಹತ್ತಿರಕ್ಕಾದರೂ ಬರುತ್ತಾ?

ಚಿಕ್ಕಪೇಟೆ_ಚಾಂಪಿಯನ್

ಡಬ್ಲ್ಯೂಡಬ್ಲ್ಯೂಇಯ ಜಾನ್ ಸೀನಾ ಕುಸ್ತಿ ಬಿಟ್ಟು ಹೋದ. ಡಿಸೆಂಬರ್ 13ಕ್ಕೆ ವಾಷಿಂಗ್ಟನ್‌ನಲ್ಲಿ ಗುಂಥರ್ ಸ್ಲೀಪರ್ (ಕುತ್ತಿಗೆ ಬಿಗಿಯುವ ಪಟ್ಟು) ಹಾಕಿದ, ಇವನು ಒಂದು ನಗು ನಕ್ಕು ಟ್ಯಾಪ್ ಮಾಡಿದ, ಅಂದರೆ ಕೈ ತಟ್ಟಿ ಸೋಲೊಪ್ಪಿದ. ಇನ್ನು ವರ್ಷದಲ್ಲಿ ಉಳಿದದ್ದು ಚಿಲ್ಲರೆ. ಅದಕ್ಕೇ ಈಗಲೇ ಕೇಳ್ತಿದ್ದೇನೆ, 2025 ಅನ್ನು ನೀವು ಎಲ್ಲಿ ಇಡ್ತೀರಿ?

ನನ್ನ ಗೊಂದಲ ಇಷ್ಟೇ. ಏನೇನಾಯಿತು ಅಂತ ಪಟ್ಟಿ ಬರೆದರೆ ಈ ವರ್ಷ ಭರ್ಜರಿ. ಜನವರಿ 6ಕ್ಕೆ ಅವರ ವಾರದ ಶೋ ರಾ ನೆಟ್‌ಫ್ಲಿಕ್ಸ್‌ಗೆ ಹೋಯಿತು. ಮಾರ್ಚ್ 1ಕ್ಕೆ ಟೊರಾಂಟೊದಲ್ಲಿ ಸೀನಾ ಚಾಂಪಿಯನ್ ಕೋಡಿ ರೋಡ್ಸ್‌ನನ್ನು ತಬ್ಬಿಕೊಂಡು ಕೆಳಗೆ ಒದ್ದ, ನಾನು ಅಕ್ಷರಶಃ ಕುರ್ಚಿಯಿಂದ ಎದ್ದು ನಿಂತಿದ್ದೆ. ಏಪ್ರಿಲ್‌ನಲ್ಲಿ ಸೀನಾಗೆ 17ನೇ ವಿಶ್ವ ಚಾಂಪಿಯನ್ ಬೆಲ್ಟ್, ರಿಕ್ ಫ್ಲೇರ್ ದಾಖಲೆ ಮುರಿಯಿತು. ಆಗಸ್ಟ್‌ನ ದೊಡ್ಡ ಶೋ ಸಮ್ಮರ್‌ಸ್ಲ್ಯಾಮ್ ಮೊದಲ ಸಲ ಎರಡು ರಾತ್ರಿ. ಗೋಲ್ಡ್‌ಬರ್ಗ್ ನಿವೃತ್ತಿ, ಸೀನಾ ನಿವೃತ್ತಿ, ಹೋಗನ್ ಸಾವು. ಇಷ್ಟೆಲ್ಲ ಒಂದೇ ವರ್ಷದಲ್ಲಿ.

ಆದರೆ ವಾರ ವಾರ ಕೂತು ನೋಡಿದ್ದನ್ನು ನೆನಪಿಸಿಕೊಂಡರೆ ನಡುವೆ ಎಷ್ಟೊಂದು ಬರೀ ಖಾಲಿ! 2024ರಲ್ಲಿ ಹಾಗಿರಲಿಲ್ಲ. ಜನವರಿಯಲ್ಲಿ ಶುರುವಾದದ್ದು ಏಪ್ರಿಲ್‌ಗೆ ಮುಟ್ಟುತ್ತಿತ್ತು, ಏಪ್ರಿಲ್‌ನದ್ದು ಆಗಸ್ಟ್‌ಗೆ. ನನ್ನ ಪ್ರಕಾರ 2024 > 2025, ಎರಡೂ ಸೇರಿದರೂ 2000ಕ್ಕೆ ಸಾಟಿ ಇಲ್ಲ. ಜಗಳ ಶುರು ಮಾಡಿ.

ಬ್ರಾಹ್ಮಬುಲ್

2000. ಥ್ರೆಡ್ ಮುಚ್ಚಿ, ಮನೆಗೆ ಹೋಗಿ.

ಟ್ರಂಪ್‌ಕಾರ್ಡ್_ಟೋನಿ

1997 ಅನ್ನುವವರು ಯಾರೂ ಇಲ್ವಾ? ವರ್ಷದ ಅತಿ ದೊಡ್ಡ ಶೋ ರೆಸಲ್‌ಮೇನಿಯಾ 13ರಲ್ಲಿ ಬ್ರೆಟ್ - ಆಸ್ಟಿನ್, ಮೊದಲ ಹೆಲ್ ಇನ್ ಎ ಸೆಲ್ (ಪಂಜರದೊಳಗಿನ ಪಂದ್ಯ), ಕೇನ್ ಬಂದದ್ದು, ಆಮೇಲೆ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರೆಟ್‌ಗೆ ಆದ ಮೋಸ. ಆಚೆ ಕಡೆ ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂನಲ್ಲಿ ಸ್ಟಿಂಗ್ ವರ್ಷಪೂರ್ತಿ ಮೇಲಿನಿಂದ ಹಗ್ಗ ಹಿಡಿದು ಇಳೀತಿದ್ದ. ಒಂದೇ ವರ್ಷದಲ್ಲಿ ಎರಡು ಕಂಪನಿ ಅಷ್ಟು ಜೋರಾಗಿ ಓಡಿದ್ದು ಮತ್ತೆ ಯಾವಾಗ?

ಅರೆನಿದ್ರೆ_ಅರುಣ

@ಟ್ರಂಪ್‌ಕಾರ್ಡ್_ಟೋನಿ ಆ ಸ್ಟಿಂಗ್ ಕಥೆ ಡಿಸೆಂಬರ್‌ನ ಸ್ಟಾರ್‌ಕೇಡ್ ಶೋನಲ್ಲಿ ಹೇಗೆ ಮುಗಿಯಿತು ಅಂತಲೂ ಹೇಳಿ ಸ್ವಾಮಿ. ವರ್ಷಪೂರ್ತಿ ಕಾಯಿಸಿ ಕೊನೆಗೆ ಎದುರಾಳಿ ಹೋಗನ್ ಮೋಸದಿಂದ ಗೆದ್ದ ಹಾಗೆ ಕಾಣೋಕೆ ರೆಫರಿ ವೇಗವಾಗಿ ಎಣಿಸಬೇಕಿತ್ತಂತೆ, ಎಣಿಸಿದ್ದು ಮಾಮೂಲಿ ಥರ. ಹೋಗನ್ ನಿಜವಾಗಿ ಗೆದ್ದ ಹಾಗೇ ಕಂಡಿತು. ಆ ಕಂಪನಿ ಇಳಿಯೋಕೆ ಶುರುವಾದದ್ದೇ ಆ ರಾತ್ರಿಯಿಂದ ಅಂತ ನನ್ನ ವಾದ. ಒಂದು ವರ್ಷ ಚೆನ್ನಾಗಿತ್ತು ಅನ್ನೋಕೆ ಕೊನೆ ತಿಂಗಳೂ ಲೆಕ್ಕಕ್ಕೆ ಬರಬೇಕಲ್ವಾ.

ಕೋಟೆಬೀದಿ_ಕಿರಣ

2024ರ ಪರವಾಗಿ ನಾನು ಉದ್ದ ಬರೀತೀನಿ, ಓದೋಕೆ ಬೇಜಾರಾದರೆ ಮುಂದೆ ಹೋಗಿ.

2024ರ ಮೊದಲ ನಾಲ್ಕು ತಿಂಗಳನ್ನು ನೋಡಿ. ಜನವರಿ ಕೊನೆಯಲ್ಲಿ ಹಳೇ ಧಣಿ ವಿನ್ಸ್ ಮ್ಯಾಕ್‌ಮನ್ ಕಂಪನಿ ಬಿಟ್ಟು ಹೋದ. ಮರುದಿನವೇ ರಾಯಲ್ ರಂಬಲ್, ಗೆದ್ದವನಿಗೆ ರೆಸಲ್‌ಮೇನಿಯಾದಲ್ಲಿ ಬೆಲ್ಟ್ ಪಂದ್ಯ ಸಿಗೋ ಪಂದ್ಯ, ಕೋಡಿ ಸತತ ಎರಡನೇ ಸಲ ಗೆದ್ದು ಚಾಂಪಿಯನ್ ರೋಮನ್ ರೇನ್ಸ್ ಕಡೆ ಬೆರಳು ತೋರಿಸಿದ. ಒಂದೇ ವಾರದಲ್ಲಿ ಇನ್ನೊಂದು ವಾರದ ಶೋ ಸ್ಮ್ಯಾಕ್‌ಡೌನ್‌ಗೆ ಬಂದು 'ಈ ಸಲ ನಾನಲ್ಲ' ಅನ್ನೋ ಥರ ರಾಕ್‌ಗೆ ಜಾಗ ಬಿಟ್ಟುಕೊಟ್ಟ. ಜನ ಉರಿದು ಹೋದರು. ಇಂಟರ್ನೆಟ್ ತುಂಬ 'ನಮಗೆ ಕೋಡಿ ಬೇಕು'. ಆಮೇಲೆ ಲಾಸ್ ವೇಗಸ್ ಪ್ರೆಸ್‌ಮೀಟ್‌ನಲ್ಲಿ ಎಲ್ಲ ತಿರುಗಿ ಬಿತ್ತು, ರಾಕ್ ಕೋಡಿ ಕೆನ್ನೆಗೆ ಬಾರಿಸಿದ, ಅಲ್ಲಿಂದ ರಾಕ್ ವಿಲನ್. ಜನರ ಸಿಟ್ಟನ್ನೇ ಕಥೆಯೊಳಗೆ ಎಳೆದುಕೊಂಡರು. 2014ರಲ್ಲಿ ಡೇನಿಯಲ್ ಬ್ರಯನ್‌ಗೂ ಹೀಗೇ ಆಗಿತ್ತು. ರಂಬಲ್ ಗೆದ್ದ ಬಟಿಸ್ಟಾಗೆ ಜನ ಬೂ ಅಂದರು, ಕೊನೆಗೆ ಬ್ರಯನ್‌ಗೇ ಕೊಡಬೇಕಾಯಿತು.

ಫಿಲಡೆಲ್ಫಿಯಾದ ರೆಸಲ್‌ಮೇನಿಯಾದಲ್ಲಿ ಎರಡನೇ ರಾತ್ರಿ ಕೋಡಿ ಗೆದ್ದು 1,316 ದಿನದ ರೋಮನ್ ಆಳ್ವಿಕೆ ಮುಗಿಯಿತು. ಸೀನಾ ಬಂದ, ರೋಮನ್ ಜತೆಗಿದ್ದ ಹಳೇ ಶೀಲ್ಡ್ ತಂಡದ ಬಟ್ಟೆಯಲ್ಲಿ ಸೇಥ್ ಬಂದ, ಅಂಡರ್‌ಟೇಕರ್ ಬಂದು ರಾಕ್‌ನನ್ನು ಕೆಡವಿದ. ಅತಿಯಾಯಿತು ಅಂತ ಯಾರಾದರೂ ಹೇಳಬಹುದು. ನನಗೇನೂ ಅತಿ ಅನ್ನಿಸಲಿಲ್ಲ. ಅದೇ ವಾರಾಂತ್ಯದಲ್ಲಿ ಸ್ಯಾಮಿ ಜೇನ್ ಗುಂಥರ್‌ನ 666 ದಿನದ ಇಂಟರ್‌ಕಾಂಟಿನೆಂಟಲ್ ಆಳ್ವಿಕೆಯನ್ನೂ ಮುಗಿಸಿದ, ಡ್ರೂ ಬೆಲ್ಟ್ ಗೆದ್ದು ಪಂಕ್‌ನನ್ನು ಅಣಕಿಸೋಕೆ ಹೋಗಿ ಡೇಮಿಯನ್ ಪ್ರೀಸ್ಟ್‌ಗೆ ಕಳಕೊಂಡ.

ಆ ಅಣಕವೇ ಆಮೇಲೆ ಆರು ತಿಂಗಳ ಪಂಕ್ - ಡ್ರೂ ಜಗಳ ಆಯಿತು. ಗ್ಲಾಸ್ಗೋದಲ್ಲಿ ತವರಿನ ಜನರ ಎದುರು ಡ್ರೂ ಬೆಲ್ಟ್ ಪಂದ್ಯ ಸೋಲೋ ಹಾಗೆ ಪಂಕ್ ಮಾಡಿದ್ದು, ಬರ್ಲಿನ್‌ನ ಸ್ಟ್ರ್ಯಾಪ್ ಮ್ಯಾಚ್, ಅಟ್ಲಾಂಟಾದ ಸೆಲ್. ಡ್ರೂ ಕಿತ್ತುಕೊಂಡ ಪಂಕ್‌ನ ಒಂದು ಕೈಬಳೆಗೋಸ್ಕರ ಇಬ್ಬರು ಗಂಡಸರು ಇಷ್ಟು ಹೊಡೆದಾಡಿದ್ದನ್ನು ನಾನಂತೂ ಬೇರೆಲ್ಲೂ ನೋಡಿಲ್ಲ. 2025ರಲ್ಲಿ ಇಂಥ ಉದ್ದದ ಜಗಳ ಒಂದು ತೋರಿಸಿ.

ಶಿರಸಿ_ಶಶಾಂಕ

> 2025ರಲ್ಲಿ ಇಂಥ ಉದ್ದದ ಜಗಳ ಒಂದು ತೋರಿಸಿ.

ಹ್ಯಾಂಗ್‌ಮನ್ ಪೇಜ್ - ಮಾಕ್ಸ್ಲಿ. ಆದರೆ ನೀವೆಲ್ಲ ಇನ್ನೊಂದು ಕಂಪನಿ ಎಇಡಬ್ಲ್ಯೂ ನೋಡಲ್ಲ ಅಲ್ವಾ, ಕುಸ್ತಿ ಅಂದ್ರೆ ಒಂದೇ ಕಂಪನಿ.

ಕೋಟೆಬೀದಿ_ಕಿರಣ

ಬಂದ್ರಪ್ಪ.

ಶಿರಸಿ_ಶಶಾಂಕ

ಬಂದೆ, ಕೂತ್ಕೊಳ್ತೀನಿ ಕೂಡ. 2024 ಅಕ್ಟೋಬರ್‌ನಲ್ಲಿ ಮಾಕ್ಸ್ಲಿ ಬ್ರಯನ್ ಡೇನಿಯಲ್ಸನ್‌ನಿಂದ ಬೆಲ್ಟ್ ಕಿತ್ತುಕೊಂಡ, ಆಮೇಲೆ ಅದನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿಬಿಟ್ಟ, ತಿಂಗಳುಗಟ್ಟಲೆ ಯಾರಿಗೂ ಕಾಣಿಸಲಿಲ್ಲ. ಒಪ್ತೀನಿ, ನಡುವೆ ಬಹಳ ಎಳೆದರು, ನಾನೇ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಹ್ಯಾಂಗ್‌ಮನ್ ಮೇ ತಿಂಗಳಲ್ಲಿ ಆಸ್ಪ್ರೇಯನ್ನು ಸೋಲಿಸಿ ಓವನ್ ಹಾರ್ಟ್ ಟೂರ್ನಿ ಗೆದ್ದ, ಜುಲೈ 12ಕ್ಕೆ ಟೆಕ್ಸಸ್‌ನಲ್ಲಿ ಎಇಡಬ್ಲ್ಯೂನ ದೊಡ್ಡ ಶೋ ಆಲ್ ಇನ್, ಅಲ್ಲಿ ಮಾಕ್ಸ್ಲಿಯನ್ನು ಸೋಲಿಸಿದ. ಆ ಬೆಲ್ಟ್ ಪೆಟ್ಟಿಗೆಯಿಂದ ಹೊರಗೆ ಬಂದಾಗ ಮೈದಾನದ ಸದ್ದು ಕೇಳಿ. ಅದೇ ದಿನ ಟೋನಿ ಸ್ಟಾರ್ಮ್ - ಮೋನೆ, ಒಕಾಡಾ - ಒಮೆಗಾ. 2025ರ ಅತ್ಯುತ್ತಮ ಒಂದು ದಿನ ಯಾವುದು ಅಂದರೆ ಅದೇ. ನಿಮ್ಮ ವೇಗಸ್ ರೆಸಲ್‌ಮೇನಿಯಾ ಅದರ ಕಾಲಿಗೂ ಬರಲ್ಲ.

ಎಇಡಬ್ಲ್ಯೂಗೆ 2024ಕ್ಕಿಂತ 2025 ಖಂಡಿತ ಮೇಲು. ಅಂದಮೇಲೆ ಡಬ್ಲ್ಯೂಡಬ್ಲ್ಯೂಇ ಒಂದನ್ನೇ ನೋಡಿ ಇಡೀ ವರ್ಷಕ್ಕೆ ಅಂಕ ಕೊಡೋದು ಯಾವ ನ್ಯಾಯ?

ಬ್ರಾಹ್ಮಬುಲ್

2024ರಲ್ಲಿ ನಿಮ್ಮವರಿಗೂ ಸ್ಟಿಂಗ್ ನಿವೃತ್ತಿ ಇತ್ತಲ್ಲ ಗುರು. ಅದಕ್ಕಿಂತ ಚೆಂದದ ವಿದಾಯ ಇವರಿಗೆ ಈ ವರ್ಷ ಮಾಡೋಕಾಯ್ತಾ?

ಶಿರಸಿ_ಶಶಾಂಕ

ಅದು ಸರಿ. ಗ್ರೀನ್ಸ್‌ಬರೊ, ಮಾರ್ಚ್ 3. ಡಾರ್ಬಿ ಏಣಿ ಮೇಲಿಂದ ಗಾಜಿನ ಮೇಲೆ ಬಿದ್ದ, ಸ್ಟಿಂಗ್ ಮಕ್ಕಳು ಅಪ್ಪನ ಹಳೆ ವೇಷದಲ್ಲಿ ಬಂದರು, 64 ವರ್ಷದ ಮನುಷ್ಯ ಗೆದ್ದು, ಬೆಲ್ಟ್ ಇಟ್ಟುಕೊಂಡೇ ಹೋದ.

ಗರಡಿ_ಗುರುಪಾದ

ಗೆದ್ದು ಹೋಗೋದು ಏನು ಚೆಂದ ಹೇಳ್ರಿ? ಹೋಗುವವನು ಸೋತು ಹೋಗಬೇಕು, ಇರುವವನನ್ನು ಎತ್ತಿ ನಿಲ್ಲಿಸಿ ಹೋಗಬೇಕು. ಅದು ಈ ಆಟದ ಹಳೇ ಪದ್ಧತಿ. ಫ್ಲೇರ್ 2008ರಲ್ಲಿ ಶಾನ್ ಮೈಕಲ್ಸ್‌ಗೆ ಸೋತ. ಶಾನ್ 2010ರಲ್ಲಿ ಅಂಡರ್‌ಟೇಕರ್‌ಗೆ ಸೋತ. ಸೀನಾ ಅದನ್ನೇ ಮಾಡಿದ್ದಾನೆ. ನಾನು ಮೆಚ್ಚಿದೆ.

ಮಂಡ್ಯ_ಮಧು

ಸೋಲಲಿ ಅಣ್ಣ, ಬೇಡ ಅಂದೋರ್ ಯಾರು. ಟ್ಯಾಪ್ ಯಾಕೆ? ಇಪ್ಪತ್ತು ವರ್ಷ 'ನೆವರ್ ಗಿವ್ ಅಪ್' ಅಂತ ಬರೆದ ಟೀಶರ್ಟ್, ಟವೆಲ್, ಕೈಪಟ್ಟಿ ಮಾರಿ ಕೊನೆ ದಿನ ಕೈ ತಟ್ಟಿ ಬಿಟ್ಟುಕೊಟ್ರೆ ಹೆಂಗೆ? ಪ್ರಜ್ಞೆ ತಪ್ಪಿ ಬಿದ್ದಿದ್ರೆ ಸಾಕಿತ್ತು. 1997ರಲ್ಲಿ ಆಸ್ಟಿನ್ ಶಾರ್ಪ್‌ಶೂಟರ್‌ನಲ್ಲಿ ಮುಖದ ತುಂಬ ರಕ್ತ ಇಟ್ಕೊಂಡು ಟ್ಯಾಪ್ ಮಾಡದೆ ಪ್ರಜ್ಞೆ ತಪ್ಪಿದ, ಆ ಒಂದು ಸೋಲಿನಿಂದಲೇ ದೊಡ್ಡ ಸ್ಟಾರ್ ಆದ. ಅಂಥ ಉದಾಹರಣೆ ಎದುರಿಗೇ ಇದೆ. ಈಗ ಕಂಪನಿಯ ಕಥೆ ನಡೆಸೋ ಟ್ರಿಪಲ್ ಎಚ್ ಹೊರಗೆ ಬಂದಾಗ ಅಷ್ಟು ಜನ ಬೂ ಅಂದಿದ್ದು ಸುಮ್ನೆ ಅಲ್ಲ.

ಗರಡಿ_ಗುರುಪಾದ

ಆಸ್ಟಿನ್ ಆಗ ಏರುವವನು, ಸೀನಾ ಈಗ ಇಳಿಯುವವನು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡ್ರಿ. ಆ ನಗು ನೋಡಿದ್ರಾ? ಸಾಕಾಯ್ತು, ಇನ್ನು ಹೋಗ್ತೀನಿ ಅನ್ನೋ ನಗು. ಅದೇ ಗುಂಥರ್ ಜುಲೈನಲ್ಲಿ ಗೋಲ್ಡ್‌ಬರ್ಗ್‌ನನ್ನೂ ಮನೆಗೆ ಕಳಿಸಿದ. ಇನ್ನು ಹತ್ತು ವರ್ಷ ಅವನು ಎಲ್ಲಿ ಹೋದರೂ ಈ ಎರಡು ಹೆಸರು ಹೇಳ್ಕೊಂಡು ಬೈಸಿಕೊಳ್ಳಬಹುದು. ವಿಲನ್‌ಗೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಮಂಡ್ಯ_ಮಧು

ಒಪ್ಪಲ್ಲ. ಆದ್ರೆ ಚೆನ್ನಾಗ್ ಹೇಳಿದ್ರಿ.

ಅರೆನಿದ್ರೆ_ಅರುಣ

ಸೀನಾ ಕೊನೆ ಪಂದ್ಯ ಅಲ್ಲ ಸಮಸ್ಯೆ, ಅವನ ವಿಲನ್ ಅವತಾರ ಸಮಸ್ಯೆ. ಇಪ್ಪತ್ತು ವರ್ಷ ಜನ ಕಾದಿದ್ದು ಅದಕ್ಕೇ. ಟೊರಾಂಟೊದಲ್ಲಿ ಮಾಡಿದ ರೀತಿ ಅದ್ಭುತ, ಬೆಳಗಿನ ನಿದ್ದೆ ಬಿಟ್ಟದ್ದಕ್ಕೆ ಸಾರ್ಥಕ ಅನ್ನಿಸಿತು. ಆಮೇಲೆ? ರಾಕ್ ಕೋಡಿಯ ಆತ್ಮ ಬೇಕು ಅಂದ, ಸೀನಾ ಕೈಲಿ ಒದೆಸಿದ, ರೆಸಲ್‌ಮೇನಿಯಾ ಬಂತು, ರಾಕ್ ಎಲ್ಲಿ? ಬರಲೇ ಇಲ್ಲ. ಅವನ ಬದಲು ಟ್ರಾವಿಸ್ ಸ್ಕಾಟ್ ನಿಧಾನಕ್ಕೆ ನಡೆದುಕೊಂಡು ಬಂದ. ವರ್ಷದ ಅತಿ ದೊಡ್ಡ ಪಂದ್ಯ, 17ನೇ ಬೆಲ್ಟ್, ಚರಿತ್ರೆಯ ದಾಖಲೆ, ಅದರ ಕೊನೇಲಿ ಒಬ್ಬ ಗಾಯಕ ಹಗ್ಗದ ಒಳಗೆ ಬಂದು ನಿಲ್ತಾನೆ. ಅಯ್ಯೋ!

ಆಮೇಲೆ ಆಗಸ್ಟ್ 1ರ ಸ್ಮ್ಯಾಕ್‌ಡೌನ್‌ನಲ್ಲಿ ಮತ್ತೆ ಒಳ್ಳೆಯವನಾದ. ಯಾಕೆ ಕೆಟ್ಟವನಾದ, ಯಾಕೆ ಒಳ್ಳೆಯವನಾದ, ಆ ರಾಕ್ ಏನಾದ, ಯಾರೂ ಕೇಳಂಗಿಲ್ಲ. ಎರಡು ದಿನ ಬಿಟ್ಟು ಕೋಡಿ ಜತೆ ಸಮ್ಮರ್‌ಸ್ಲ್ಯಾಮ್‌ನಲ್ಲಿ ಆಡಿದ ಪಂದ್ಯ ಮಾತ್ರ ಬಹಳ ಚೆನ್ನಾಗಿತ್ತು, ರೆಸಲ್‌ಮೇನಿಯಾದಲ್ಲಿ ಆಗಬೇಕಿದ್ದದ್ದು ಅದು. 2025ರ ಮೇಲೆ ನನ್ನ ಸಿಟ್ಟು ಅಲ್ಲೇ ಇದೆ. ಶುರು ಮಾಡಿದ್ದನ್ನು ಮುಗಿಸದ ವರ್ಷ.

ಚಿಕ್ಕಪೇಟೆ_ಚಾಂಪಿಯನ್

ಇದೇ, ಇದೇ. ನಾನು ಮೇಲೆ ಹೇಳೋಕೆ ಹೊರಟದ್ದು ಇದೇ. ದೊಡ್ಡ ದಿನ ಎಷ್ಟು ಬಂತು ಅಂತ ಎಣಿಸಿದರೆ 2025 ಗೆಲ್ಲುತ್ತೆ. ಒಂದು ದಿನದಿಂದ ಇನ್ನೊಂದು ದಿನಕ್ಕೆ ದಾರಿ ಇತ್ತಾ ಅಂತ ಕೇಳಿದರೆ ಸೋಲುತ್ತೆ. ವರ್ಷವನ್ನು ಅಳೆಯೋದು ಎರಡನೆಯದರಿಂದ ಅಂತ ನನ್ನ ನಂಬಿಕೆ.

ಟ್ರಂಪ್‌ಕಾರ್ಡ್_ಟೋನಿ

ಆದ್ರೂ ಪರ್ತ್‌ನಲ್ಲಿ ಸೀನಾ - ಎಜೆ ಸ್ಟೈಲ್ಸ್! ಇಬ್ಬರೂ ಬೇರೆ ಬೇರೆ ಹಳೇ ಕುಸ್ತಿಪಟುಗಳ ಪಟ್ಟುಗಳನ್ನು ಹಾಕ್ತಾ ಹೋದರಲ್ಲ, ಆ ಒಂದು ಪಂದ್ಯಕ್ಕಾಗಿ 2025ಕ್ಕೆ ಅರ್ಧ ಅಂಕ ಹೆಚ್ಚು ಕೊಡಿ ಪ್ಲೀಸ್. ಬಾಸ್ಟನ್‌ನಲ್ಲಿ ತವರಿನ ಜನರ ಎದುರು ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಗೆದ್ದದ್ದಕ್ಕೆ ಇನ್ನರ್ಧ. ಅದೊಂದೇ ಅವನ ಬಳಿ ಇರಲಿಲ್ಲ.

ಬ್ರಾಹ್ಮಬುಲ್

ಆ ಒಂದು ಅಂಕವನ್ನು ರೆಸಲ್‌ಪಲೂಜಾ ಶೋನಲ್ಲಿ ಬ್ರಾಕ್ ಲೆಸ್ನರ್ ಕಿತ್ಕೊಂಡ. ನಿವೃತ್ತಿ ಹತ್ತಿರ ಬಂದವನನ್ನು ಸಾಲಾಗಿ ಎಫ್5 ಪಟ್ಟು ಹಾಕಿ ಮಲಗಿಸಿದ್ದು ಯಾರಿಗೆ ಖುಷಿ ಕೊಡ್ತು ಅಂತ ಇವತ್ತಿಗೂ ಅರ್ಥ ಆಗಿಲ್ಲ.

ನಾಗವೇಣಿ_ಎನ್

ಒಂದು ವಿಷಯ ಹೇಳ್ತೀನಿ, 2000 ಇಸವಿ ಭಕ್ತರಿಗೆ ಬೇಜಾರಾಗಬಹುದು. ಆ ವರ್ಷದ ಹೆಂಗಸರ ಪಂದ್ಯಗಳನ್ನು ಈಗ ಹಾಕಿಕೊಂಡು ನೋಡಿ. ಬಟ್ಟೆ ಎಳೆಯುವ ಪಂದ್ಯ, ಎರಡು ನಿಮಿಷ, ಮುಗೀತು. ಫೆಬ್ರವರಿಯಲ್ಲಿ ಮೇ ಯಂಗ್ ಅಜ್ಜಿಗೆ ರಬ್ಬರ್ ಕೈ ಹುಟ್ಟಿದ್ದನ್ನು ರಾನಲ್ಲಿ ತೋರಿಸಿದ ವರ್ಷವೂ ಅದೇ. ಎಲ್ಲರ ಅತ್ಯುತ್ತಮ ವರ್ಷ ಅಂತೆ! ಆಗಸ್ಟ್‌ನಲ್ಲಿ ಲೀಟಾ ಸ್ಟೆಫನಿಯನ್ನು ಸೋಲಿಸಿ ರಾ ಕಾರ್ಯಕ್ರಮದ ಕೊನೆ ಪಂದ್ಯ ಆಡಿದಳು, ಅದು ಒಂದು ಬೆಳಕು, ಇಲ್ಲ ಅನ್ನಲ್ಲ.

ಈಗ 2025 ನೋಡಿ. ವೇಗಸ್‌ನಲ್ಲಿ ಇಯೊ ಸ್ಕೈ, ರಿಯಾ, ಬಿಯಾಂಕಾ ಆಡಿದ್ದು ಆ ಎರಡು ರಾತ್ರಿಗಳಲ್ಲೇ ಒಳ್ಳೆಯ ಪಂದ್ಯ, ಗಂಡಸರದ್ದೂ ಸೇರಿಸಿ. ಜುಲೈನಲ್ಲಿ ಹೆಂಗಸರದ್ದೇ ಶೋ ಎವಲ್ಯೂಷನ್ ಏಳು ವರ್ಷದ ಮೇಲೆ ಮತ್ತೆ ಬಂತು, ಅಲ್ಲಿ ಇಯೊ - ರಿಯಾ ನಡುವೆ ನವೋಮಿ ಯಾವಾಗ ಬೇಕಾದರೂ ಬೆಲ್ಟ್ ಪಂದ್ಯ ಕೇಳೋ ಹಕ್ಕಿನ ಬ್ರೀಫ್‌ಕೇಸ್ ಹಿಡಿದು ನುಗ್ಗಿದಳು, ನಾನು ಕಿರುಚಿದ ಸದ್ದಿಗೆ ಅತ್ತೆ ಎದ್ದರು. ಸ್ಟೆಫನಿ ವಾಕೆರ್ ಚಾಂಪಿಯನ್ ಆದಳು. ಎಇಡಬ್ಲ್ಯೂನಲ್ಲಿ ಟೋನಿ ಸ್ಟಾರ್ಮ್ - ಮರಾಯಾ ಮೇ ಕಥೆ ಮಾರ್ಚ್‌ನಲ್ಲಿ ರಕ್ತಸಿಕ್ತವಾಗಿ ಮುಗಿಯಿತು, ಅರುಣ ಅವರೇ, ಶುರುವಾದದ್ದು ಸರಿಯಾಗಿ ಮುಗಿಯಲೇ ಇಲ್ಲ ಅಂದ್ರಲ್ಲ, ಇದು ಮುಗಿಯಿತು ನೋಡಿ.

ಅರ್ಧ ಜನರಿಗೆ ಬಟ್ಟೆ ಎಳೆಯೋ ಪಂದ್ಯ ಕೊಟ್ಟ ವರ್ಷಕ್ಕೆ ನೂರಕ್ಕೆ ನೂರು ಅಂಕ ಹೇಗೆ ಕೊಡ್ತೀರಿ?

ಬ್ರಾಹ್ಮಬುಲ್

ನಾಗವೇಣಿ ಅಕ್ಕ, ಆ ಕೈ ವಿಷಯ ತೆಗೀಬೇಡಿ, ಮರೆಯೋಕೆ ವರ್ಷಗಳೇ ಹಿಡಿದಿವೆ. ಹೆಂಗಸರ ವಿಭಾಗದಲ್ಲಿ 2000 ಸೊನ್ನೆ, ಸರಿ, ಒಪ್ಪಿದೆ.

ಉಳಿದದ್ದನ್ನು ಕೇಳಿ. ಆಸ್ಟಿನ್‌ಗೆ ಕುತ್ತಿಗೆ ಆಪರೇಷನ್, ವರ್ಷದ ಮುಕ್ಕಾಲು ಭಾಗ ಇಲ್ಲ. ಅಂಡರ್‌ಟೇಕರ್ ಮೇ ತನಕ ಇಲ್ಲ. ಕಂಪನಿಯ ಅತಿ ದೊಡ್ಡ ಹೆಸರೇ ಇಲ್ಲದೆ ಆ ವರ್ಷ ಹಾಗೆ ಓಡಿತು. ಜನವರಿಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಟ್ರಿಪಲ್ ಎಚ್ - ಕ್ಯಾಕ್ಟಸ್ ಜ್ಯಾಕ್. ಏಪ್ರಿಲ್‌ನಲ್ಲಿ ಬ್ಯಾಕ್‌ಲ್ಯಾಶ್, ರಾಕ್ ಗೆಲುವು, ಆಸ್ಟಿನ್ ಒಂದೇ ರಾತ್ರಿಗೆ ಕುರ್ಚಿ ಹಿಡಿದು ಬಂದ. ಮೇನಲ್ಲಿ ಒಂದು ಗಂಟೆಯ ಐರನ್ ಮ್ಯಾನ್. ಜುಲೈನಲ್ಲಿ ಜೆರಿಕೊಗೆ ಟ್ರಿಪಲ್ ಎಚ್ ಎದುರು ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್. ಆಗಸ್ಟ್‌ನಲ್ಲಿ ಮೊದಲ ಟಿಎಲ್‌ಸಿ (ಮೇಜು, ಏಣಿ, ಕುರ್ಚಿ ಬಳಸೋ ಪಂದ್ಯ), ಹಾರ್ಡಿ, ಡಡ್ಲಿ, ಎಜ್ - ಕ್ರಿಶ್ಚಿಯನ್. ಅಕ್ಟೋಬರ್‌ನಲ್ಲಿ ಕರ್ಟ್ ಆಂಗಲ್ ಚಾಂಪಿಯನ್, ಅವನು ಟೀವಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ! ಈಗ ಒಬ್ಬನನ್ನು ಮೇಲೆ ತರೋಕೆ ನಾಲ್ಕು ವರ್ಷ ಬೇಕು.

ಅರೆನಿದ್ರೆ_ಅರುಣ

ಅದೇ 2000ದಲ್ಲಿ ಡಬ್ಲ್ಯೂಸಿಡಬ್ಲ್ಯೂ ಸಿನಿಮಾ ನಟ ಡೇವಿಡ್ ಆರ್ಕೆಟ್‌ಗೆ ವಿಶ್ವ ಚಾಂಪಿಯನ್ ಬೆಲ್ಟ್ ಕೊಟ್ಟಿತ್ತು. ಕಥೆ ಬರೆಯೋ ವಿನ್ಸ್ ರೂಸೊ ತನಗೆ ತಾನೇ ಬೆಲ್ಟ್ ಬರೆದುಕೊಂಡ. ಮುಂದಿನ ಮಾರ್ಚ್‌ನಲ್ಲಿ ಕಂಪನಿಯೇ ಮಾರಾಟ. ಶಶಾಂಕ್ ಹೇಳಿದ ಹಾಗೆ 'ಇಡೀ ಕುಸ್ತಿಯ ವರ್ಷ' ಅಂತ ನೋಡಿದರೆ 2000 ಅರ್ಧ ಸ್ವರ್ಗ, ಅರ್ಧ ಸ್ಮಶಾನ.

ಶಿರಸಿ_ಶಶಾಂಕ

ನನ್ನ ಮಾತನ್ನು ನನ್ನ ಪರವಾಗಿ ಉಪಯೋಗಿಸಿದ್ದಕ್ಕೆ ಥ್ಯಾಂಕ್ಸ್ ಮಾರಾಯ್ರೆ, ಇಲ್ಲಿ ಇದೇ ಮೊದಲು.

ಪುತ್ತೂರು_ಪ್ರಶಾಂತ

ಎಲ್ಲ ನಾಟಕ ಅಂತ ಗೊತ್ತಿದ್ದೂ ಇಷ್ಟು ಬರೀತೀರಲ್ಲ ಮಾರಾಯ್ರೆ.

ಕೋಟೆಬೀದಿ_ಕಿರಣ

ಯಕ್ಷಗಾನಕ್ಕೆ ಹೋಗಿ ರಾತ್ರಿಯಿಡೀ ಕೂತು ಭೀಮ ಗೆಲ್ತಾನೆ ಅಂತ ಮೊದಲೇ ಗೊತ್ತಿತ್ತು ಅಂತ ಎದ್ದು ಬರ್ತೀರಾ ಪ್ರಶಾಂತಣ್ಣ?

ಪುತ್ತೂರು_ಪ್ರಶಾಂತ

ಅದಕ್ಕೂ ಇದಕ್ಕೂ... ಸರಿ ಬಿಡಿ. ಚಂಡೆ ಇದ್ದಿದ್ರೆ ಇದನ್ನೂ ನೋಡ್ತಿದ್ದೆ.

ಗರಡಿ_ಗುರುಪಾದ

ನಿಜವಾದ ಕುಸ್ತಿ ಬೇಕಂದ್ರೆ ದಸರಾಕ್ಕೆ ಮೈಸೂರಿಗೆ ಬನ್ರಿ. ಅಲ್ಲೂ ಜೋಡಿ ಕಟ್ಟೋದೇ ದೊಡ್ಡ ಕೆಲಸ. ಯಾರ ಎದುರು ಯಾರನ್ನು ಬಿಡಬೇಕು ಅನ್ನೋದರಲ್ಲೇ ಅರ್ಧ ರುಚಿ. ಜೋಡಿ ಸರಿ ಬೀಳದಿದ್ದರೆ ಎಂಥ ಪೈಲ್ವಾನ್ ಇದ್ದರೂ ಜನ ಕಡಲೆಕಾಯಿ ತಿಂತಾ ಆಕಡೆ ನೋಡ್ತಾರೆ. ಇಲ್ಲೂ ಅಷ್ಟೇ. 2024ರಲ್ಲಿ ಜೋಡಿಗಳು ಬಿದ್ದವು. ಈ ವರ್ಷ ಸೀನಾ ಜತೆ ಹಳಬರನ್ನು ಸಾಲಾಗಿ ನಿಲ್ಲಿಸಿದರು, ಆರ್ಟನ್, ಪಂಕ್, ಬ್ರಾಕ್, ಎಜೆ. ನೆನಪಿಗೆ ಚೆಂದ. ಹೊಸ ಹುಡುಗರಿಗೆ ಏನು ಸಿಕ್ಕಿತು?

ಮಂಡ್ಯ_ಮಧು

ಡಾಮಿನಿಕ್‌ಗೆ ಸಿಕ್ತು. ಎರಡು ವರ್ಷದ ಹಿಂದೆ ಬಾಯಿ ತೆರೆಯೋಕೂ ಬಿಡ್ತಿರಲಿಲ್ಲ ಜನ, ಈಗ ಅವನಿಗೇ ಜೈಕಾರ. ಅವನು ಇನ್ನೂ ಮೋಸ ಮಾಡ್ತಾನೇ ಇದ್ದಾನೆ, ಅದೇ ಮಜ. ರೆಸಲ್‌ಮೇನಿಯಾದಲ್ಲಿ ಬೆಲ್ಟ್ ಗೆದ್ದಾಗ ಕ್ರೀಡಾಂಗಣ ಕುಣೀತು.

ಹೂವಿನಹಡಗಲಿ_ಹುಲಿ

ನೀವೆಲ್ಲ ಸಿಟಿಯಲ್ಲಿ ಇದ್ದೀರಿ, ಒಂದು ವಿಷಯ ಯಾರೂ ಹೇಳ್ತಿಲ್ಲ. ನಮ್ಮ ಕಡೆಗೆ 2025 ಅಂದ್ರೆ ಕುಸ್ತಿ ಕೇಬಲ್‌ನಿಂದ ಹೋದ ವರ್ಷ. ಮಾರ್ಚ್ ತನಕ ಟೀವಿಯಲ್ಲಿ ಬರ್ತಿತ್ತು, ಏಪ್ರಿಲ್‌ನಿಂದ ಪೂರಾ ನೆಟ್‌ಫ್ಲಿಕ್ಸ್. ಹೋಟೆಲ್‌ನಲ್ಲಿ, ಸಲೂನ್‌ನಲ್ಲಿ ಮರುಪ್ರಸಾರ ಓಡ್ತಿತ್ತು. ಹೇರ್‌ಕಟ್ ಆದ ಮೇಲೂ ಕೂತು ನೋಡ್ತಿದ್ವಿ, ಅಲ್ಲೇ ಹೊಸ ಹುಡುಗರಿಗೆ ಹುಚ್ಚು ಹತ್ತುತ್ತಿತ್ತು. ಈಗ ನನ್ನ ತಮ್ಮನ ಮಗನಿಗೆ ರೋಮನ್ ರೇನ್ಸ್ ಗೊತ್ತು, ಅದೂ ಮೊಬೈಲಿನ ಸಣ್ಣ ವಿಡಿಯೋದಲ್ಲಿ. ಪೂರ್ತಿ ಪಂದ್ಯ ನೋಡಿಲ್ಲ. ನಾವು ಟೆನ್ ಸ್ಪೋರ್ಟ್ಸ್ ಕಾಲದಲ್ಲಿ ಬೆಳೆದದ್ದು, ಆ ಹುಚ್ಚು ಊರೆಲ್ಲ ಹಬ್ಬಿದ್ದು ಪುಕ್ಕಟೆ ಸಿಕ್ಕಿದ್ದಕ್ಕೇ.

ಕಂಪನಿಗೆ ಹತ್ತು ವರ್ಷಕ್ಕೆ 500 ಕೋಟಿ ಡಾಲರ್‌ಗೂ ಮೇಲಿನ ಒಪ್ಪಂದ ಅಂತೆ, ಅವರಿಗೆ 2025 ಬಂಗಾರದ ವರ್ಷ. ನಮ್ಮೂರ ಸಲೂನ್‌ಗೆ ಅಲ್ಲ.

ಟ್ರಂಪ್‌ಕಾರ್ಡ್_ಟೋನಿ

ಇದು ಒಳ್ಳೆ ಮಾತು ಗುರು. ನಮ್ಮ ಕಾಲದಲ್ಲಿ ಅಂಗಡಿಯಲ್ಲಿ ಕುಸ್ತಿಪಟುಗಳ ಕಾರ್ಡ್ ಪ್ಯಾಕೆಟ್ ಸಿಗ್ತಿತ್ತು. ಎತ್ತರ, ತೂಕ, ಎದೆ, ಬೈಸೆಪ್ಸ್. ಯೊಕೊಜುನಾ ಕೈಗೆ ಬಂದರೆ ಕಣ್ಣು ಮುಚ್ಚಿ 'ತೂಕ' ಅನ್ನೋದು. ಪಂದ್ಯ ನೋಡುವ ಮೊದಲೇ ಅಷ್ಟೂ ಜನರ ಜಾತಕ ಬಾಯಿಪಾಠ. ಅಂಡರ್‌ಟೇಕರ್‌ಗೆ ಏಳು ಜೀವ ಅಂತ ನಮ್ಮ ಶಾಲೇಲಿ ಎಲ್ಲರೂ ನಂಬಿದ್ವಿ.

ಮಂಡ್ಯ_ಮಧು

ಏಳಲ್ಲ, ಒಂಬತ್ತು 😄

ಹೊಸ್ಟನ್_ಹೆಗಡೆ

ಅಮೆರಿಕದಿಂದ ಬರೀತಿದ್ದೇನೆ. ಇಲ್ಲೂ ಸಮಸ್ಯೆ ಅದೇ, ರೂಪ ಬೇರೆ. ಟಿಕೆಟ್ ಬೆಲೆ ನೋಡಿದರೆ ಕುಟುಂಬದ ಜತೆ ಹೋಗೋದು ಅಂದರೆ ತಿಂಗಳ ಬಾಡಿಗೆ ಕೊಟ್ಟ ಹಾಗೆ. ಸೆಪ್ಟೆಂಬರ್‌ನಿಂದ ದೊಡ್ಡ ಶೋಗಳೆಲ್ಲ ಇಎಸ್‌ಪಿಎನ್‌ಗೆ ಹೋದವು, ರಾ ನೆಟ್‌ಫ್ಲಿಕ್ಸ್‌ನಲ್ಲಿ, ಸ್ಮ್ಯಾಕ್‌ಡೌನ್ ಯುಎಸ್‌ಎ ಚಾನೆಲ್‌ನಲ್ಲಿ. ಎಲ್ಲ ನೋಡಬೇಕಂದ್ರೆ ಮೂರು ಕಡೆ ದುಡ್ಡು. ರಿಂಗ್‌ನ ನೆಲದ ತುಂಬ ಜಾಹೀರಾತು ಬೇರೆ. 2027ರ ರೆಸಲ್‌ಮೇನಿಯಾ ರಿಯಾದ್‌ಗೆ ಹೋಗ್ತಿದೆ. ಹಣದ ಲೆಕ್ಕದಲ್ಲಿ ಇದು ಅತ್ಯುತ್ತಮ ವರ್ಷ ಇರಬಹುದು. ನಾನು ನೋಡುಗ, ಷೇರುದಾರ ಅಲ್ಲ.

ಆದರೂ ಜೂನ್ ನೆನಪಿದೆಯಾ? ಕುಸ್ತಿಪಟು ಆರ್-ಟ್ರೂತ್‌ನನ್ನು ಕೆಲಸದಿಂದ ಬಿಟ್ಟುಬಿಟ್ಟರು ಅಂತ ಸುದ್ದಿ ಬಂತು, ಜನ ಹುಯಿಲೆಬ್ಬಿಸಿದರು, ಒಂದೇ ವಾರದಲ್ಲಿ ಮನಿ ಇನ್ ದ ಬ್ಯಾಂಕ್ ಶೋನಲ್ಲಿ ವಾಪಸ್ ಬಂದು ಸೀನಾಗೆ ಬಾರಿಸಿದ. ಜನ ಇನ್ನೂ ಕೂಗಿದರೆ ಕೇಳಿಸುತ್ತೆ ಅಂತ ಗೊತ್ತಾದದ್ದು ಅಲ್ಲೇ.

ತೀರ್ಥಹಳ್ಳಿ_ತೇಜಸ್

ಯಾವ ವರ್ಷ ಚೆಂದ ಅಂದ್ರೆ ನಿಮಗೆ 12 ವಯಸ್ಸಾಗಿದ್ದ ವರ್ಷ. ಇಷ್ಟೇ ಸತ್ಯ. ಇಲ್ಲಿ 2000 ಅನ್ನುವವರ ವಯಸ್ಸು ಕೇಳಿ ನೋಡಿ.

ಅರೆನಿದ್ರೆ_ಅರುಣ

ನನಗೆ 12 ಆದದ್ದು 1995ರಲ್ಲಿ. ಡೀಸಲ್ ಚಾಂಪಿಯನ್, ಮೇಬಲ್ ರಾಜ, ಅವರಿಬ್ಬರ ಪಂದ್ಯ ಸಮ್ಮರ್‌ಸ್ಲ್ಯಾಮ್‌ನಲ್ಲಿ ಕೊನೇದು. ಅದು ಚೆಂದದ ವರ್ಷ ಅಂತ ನನ್ನ ಕೈಲಿ ಯಾರೂ ಹೇಳಿಸೋಕಾಗಲ್ಲ.

ತೀರ್ಥಹಳ್ಳಿ_ತೇಜಸ್

😂 ನಿಮಗೆ ಅನ್ಯಾಯ ಆಗಿದೆ ಸರ್.

ನಾಗವೇಣಿ_ಎನ್

ನನಗೆ 2004. ಆಗ ರೆಸಲ್‌ಮೇನಿಯಾ 20ರ ಕೊನೆ ನೋಡಿ ಅತ್ತಿದ್ದೆ, ಬೆನ್ವಾ ಮತ್ತು ಎಡ್ಡಿ ಇಬ್ಬರೂ ಬೆಲ್ಟ್ ಹಿಡಿದು ತಬ್ಬಿಕೊಂಡು ನಿಂತಿದ್ದರು. 2007ರಲ್ಲಿ ಬೆನ್ವಾ ಹೆಂಡತಿ, ಮಗುವನ್ನು ಕೊಂದು ತಾನೂ ಸತ್ತ ಮೇಲೆ ಆ ವರ್ಷವನ್ನು ನನಗೆ ನೋಡೋಕೇ ಆಗಲ್ಲ. 2000ದ ಒಳ್ಳೆ ಪಂದ್ಯಗಳಲ್ಲೂ ಎಷ್ಟೋ ಅವನವೇ. ಆಗ ಕೊಟ್ಟ ಅಂಕ ಆಗಿನದು. ಇವತ್ತು ಹೋಗನ್ ಬಗ್ಗೆಯೂ ಹಾಗೇ, ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಮೊದಲ ರಾನಲ್ಲಿ ಬಂದಾಗ ಲಾಸ್ ಏಂಜಲಿಸ್ ಜನ ಎಷ್ಟು ಬೂ ಅಂದರು, ಜುಲೈ 24ಕ್ಕೆ ಸತ್ತ. 1987ರಲ್ಲಿ ಅವನು ಆಂಡ್ರೆಯನ್ನು ಎತ್ತಿ ಒಗೆದದ್ದನ್ನು ನೋಡಿದವರಿಗೆ ಆ ಎರಡನ್ನೂ ಹೇಗೆ ಜೋಡಿಸಬೇಕು ಅಂತ ಗೊತ್ತಾಗಿರಲಿಕ್ಕಿಲ್ಲ.

ಬ್ರಾಹ್ಮಬುಲ್

ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಫುಲ್ಲಿ ಲೋಡೆಡ್‌ನಲ್ಲಿ ರಾಕ್ - ಬೆನ್ವಾ ಪಂದ್ಯವನ್ನು ನಾನು ಮೇಲಿನ ಪಟ್ಟಿಯಲ್ಲಿ ಬೇಕಂತಲೇ ಬರೆದಿರಲಿಲ್ಲ.

ಸುಳ್ಯದ_ಸ್ಟ್ರಾಂಗ್‌ಸ್ಟೈಲ್

ನಿಮ್ಮ ಅಮೆರಿಕದ ಜಗಳ ಮುಗೀತಾ? 2017. ಜಪಾನಿನ ಕಂಪನಿ ನ್ಯೂ ಜಪಾನ್. ಜನವರಿ 4 ಟೋಕಿಯೊ ಡೋಮ್ ಒಕಾಡಾ - ಒಮೆಗಾ, ಜೂನ್‌ನಲ್ಲಿ 60 ನಿಮಿಷ ಆಡಿ ಡ್ರಾ, ಆಗಸ್ಟ್‌ನಲ್ಲಿ ಜಿ1 ಟೂರ್ನಿಯಲ್ಲಿ ಒಮೆಗಾ ಗೆಲುವು. ಮೂರು ಪಂದ್ಯ, ಮೂರೂ ಒಂದಕ್ಕೊಂದು ಹೆಣೆದಿದ್ದವು. ಮೊದಲನೇದಕ್ಕೇ ಪಂದ್ಯಗಳಿಗೆ ಅಂಕ ಕೊಡೋ ಪತ್ರಕರ್ತ ಮೆಲ್ಟ್ಜರ್ ಐದಕ್ಕೆ ಆರು ನಕ್ಷತ್ರ ಕೊಟ್ಟ. ಅದಕ್ಕಿಂತ ಹಿಂದೆ ಹೋಗಬೇಕಾ, 1989, ಫ್ಲೇರ್ - ಸ್ಟೀಮ್‌ಬೋಟ್, ಫೆಬ್ರವರಿ, ಏಪ್ರಿಲ್, ಮೇ. ಒಂದು ವರ್ಷದ ಬೆಲೆ ಗೊತ್ತಾಗೋಕೆ ಇಂಥ ಒಂದು ಮೂರು ಪಂದ್ಯ ಸಾಕು. ವೇಗಸ್‌ನಲ್ಲಿ ಪಟಾಕಿ ಹೊಡೆದದ್ದೆಲ್ಲ ಹೊಗೆ.

ಕೋಟೆಬೀದಿ_ಕಿರಣ

ನಕ್ಷತ್ರ ಎಣಿಸೋರು ಬಂದರು. 60 ನಿಮಿಷದ ಪಂದ್ಯವನ್ನು ನಮ್ಮಮ್ಮನ ಪಕ್ಕ ಕೂತು ನೋಡೋಕಾಗುತ್ತಾ? ಕೋಡಿ - ರೋಮನ್ ಪಂದ್ಯಕ್ಕೆ ನಮ್ಮಮ್ಮ ಕಾಫಿ ಲೋಟ ಹಿಡಿದು ನಿಂತೇ ನೋಡಿದರು, ಅಂಡರ್‌ಟೇಕರ್ ಬಂದಾಗ 'ಇವನಿನ್ನೂ ಇದ್ದಾನಾ' ಅಂದರು. ಜನಕ್ಕೆ ತಲುಪಬೇಕು ಸ್ವಾಮಿ.

ಸುಳ್ಯದ_ಸ್ಟ್ರಾಂಗ್‌ಸ್ಟೈಲ್

ಟೋಕಿಯೊ ಡೋಮ್ ತುಂಬಿದವರು ಜನ ಅಲ್ವಾ ಹಾಗಾದರೆ? ನಿಮ್ಮಮ್ಮನಿಗೆ ಆ ಪಂದ್ಯದ ಕೊನೆ ಹತ್ತು ನಿಮಿಷ ಹಾಕಿ ಕೊಡಿ, ಕಾಫಿ ಆರಿ ಹೋಗದಿದ್ದರೆ ಕೇಳಿ.

ಚಿಕ್ಕಪೇಟೆ_ಚಾಂಪಿಯನ್

ಜಗಳ ಚೆನ್ನಾಗಿ ಹತ್ತಿಕೊಂಡಿದೆ. ಇಲ್ಲಿ ತನಕ ನನಗೆ ಕಂಡದ್ದು: 2024ರ ಕಡೆ ಕಿರಣ, ಗುರುಪಾದ ಅವರು, ನಾನು. 2025ರ ಕಡೆ ನಾಗವೇಣಿ ಮತ್ತು ಶಶಾಂಕ್, ಇಬ್ಬರ ಕಾರಣ ಬೇರೆ. ಅರುಣ ಎಲ್ಲದಕ್ಕೂ ವಿರುದ್ಧ. ನಾಗವೇಣಿ ಅವರ ಮಾತಿಗೆ ನನ್ನ ಬಳಿ ಇರುವ ಒಂದೇ ಎದುರುಮಾತು ಅಂದರೆ, 2024ರಲ್ಲೂ ಬೆಯ್ಲಿ - ಇಯೊ ಇತ್ತು, ರಿಯಾ - ಲಿವ್ - ಡಾಮಿನಿಕ್ ಕಥೆ ಇತ್ತು. ಅದು ವರ್ಷದ ಒಳ್ಳೆಯ ಧಾರಾವಾಹಿಯೇ ಆಗಿತ್ತು.

ನಾಗವೇಣಿ_ಎನ್

ಧಾರಾವಾಹಿ ಸರಿ. ರಿಂಗ್‌ನ ಒಳಗೆ 2025. ನಾನು ಜಾಗ ಬದಲಿಸಲ್ಲ.

ಗರಡಿ_ಗುರುಪಾದ

ಯಾರೂ 2020 ಹೇಳಲಿಲ್ಲ.

ಮಂಡ್ಯ_ಮಧು

ಖಾಲಿ ಹಾಲ್‌ನಲ್ಲಿ ರೆಸಲ್‌ಮೇನಿಯಾ, ಆಮೇಲೆ ಗೋಡೆ ತುಂಬ ಟೀವಿಯಲ್ಲಿ ಜನರ ಮುಖ. ಯಾರಾದ್ರೂ ಹೇಳ್ತಾರಾ ಅಣ್ಣ? ಆದ್ರೆ ರೋಮನ್ ವಿಲನ್ ಆಗಿ ವಾಪಸ್ ಬಂದದ್ದು ಅದೇ ಆಗಸ್ಟ್‌ನಲ್ಲಿ. ಆ ಖಾಲಿ ಹಾಲ್ ಇಲ್ದೆ 1,316 ದಿನ ಇಲ್ಲ, ಅದಿಲ್ದೆ ಕೋಡಿ ಗೆಲುವೂ ಇಲ್ಲ.

ಅರೆನಿದ್ರೆ_ಅರುಣ

ಅದಕ್ಕೇ ಸೇಥ್ - ಹೇಮನ್ - ಬ್ರಾನ್ ಬ್ರೇಕರ್ ಕಥೆಯನ್ನು ಈಗಲೇ ತೂಗಬೇಡಿ ಅನ್ನೋದು. ವೇಗಸ್‌ನಲ್ಲಿ ಮ್ಯಾನೇಜರ್ ಹೇಮನ್ ಪಂಕ್, ರೋಮನ್ ಇಬ್ಬರಿಗೂ ಕೈಕೊಟ್ಟ, ಆಗಸ್ಟ್‌ನಲ್ಲಿ ಸೇಥ್ ಮುರಿದ ಮಂಡಿ ಅಂತ ವಾರಗಟ್ಟಲೆ ಆಡಿದ ನಾಟಕ ಮುಗಿಸಿ ಬ್ರೀಫ್‌ಕೇಸ್ ತಂದು ಪಂಕ್‌ನಿಂದ ಬೆಲ್ಟ್ ಕಿತ್ತ, ಅಕ್ಟೋಬರ್‌ನಲ್ಲಿ ಬ್ರೇಕರ್ ಅವನನ್ನೇ ಒದ್ದು ಹೊರಗೆ ಹಾಕಿದ. ಸೇಥ್‌ಗೆ ನಿಜವಾಗಿಯೂ ಪೆಟ್ಟಾಗಿ ಅದು ಅರ್ಧಕ್ಕೆ ನಿಂತಿದೆ. ಅವನು ವಾಪಸ್ ಬಂದ ಮೇಲೆ ಅದು ಹೇಗೆ ಹೋಗುತ್ತೆ ನೋಡಿ.

ಬ್ರಾಹ್ಮಬುಲ್

ಈಗ ತಾನೆ ಶುರುವಾದದ್ದನ್ನು ಮುಗಿಸದ ವರ್ಷ ಅಂದ್ರಿ, ಈಗ ಕಾಯಿರಿ ಅಂತೀರಿ!

ಅರೆನಿದ್ರೆ_ಅರುಣ

ಸೀನಾಗೆ ಮುಂದೆ ವರ್ಷ ಇಲ್ಲ, ಸೇಥ್‌ಗೆ ಇದೆ. ವ್ಯತ್ಯಾಸ ಅದು.

ಸುಳ್ಯದ_ಸ್ಟ್ರಾಂಗ್‌ಸ್ಟೈಲ್

ಸೀನಾ ಸೀನಾ ಅಂತ ಅಳುವವರೆಲ್ಲ ಜನವರಿ 4ಕ್ಕೆ ಸಮಯ ಇಟ್ಟುಕೊಳ್ಳಿ. ಟೋಕಿಯೊ ಡೋಮ್‌ನಲ್ಲಿ ನ್ಯೂ ಜಪಾನ್‌ನ ತನಹಾಶಿ ಕೊನೆ ಪಂದ್ಯ, ಎದುರು ಒಕಾಡಾ. ಭಾನುವಾರ, ನಮಗೆ ಹಗಲು ಹೊತ್ತು, ಅಲಾರಂ ಇಡಬೇಕಾಗಿಲ್ಲ.

ಮಂಡ್ಯ_ಮಧು

ಟ್ಯಾಪ್ ಮಾಡ್ತಾನಾ?

ಸುಳ್ಯದ_ಸ್ಟ್ರಾಂಗ್‌ಸ್ಟೈಲ್

ಒಕಾಡಾ ತನ್ನ ರೇನ್‌ಮೇಕರ್ ಪಟ್ಟು ಹಾಕಿ ಮಲಗಿಸ್ತಾನೆ, ತನಹಾಶಿ ಎದ್ದು ಗಿಟಾರ್ ನುಡಿಸೋ ಥರ ಮಾಡ್ತಾನೆ. ಬರೆದಿಟ್ಕೊಳ್ಳಿ.

ಕೋಟೆಬೀದಿ_ಕಿರಣ

ಎಷ್ಟು ನಿಮಿಷದ ಪಂದ್ಯ ಅಂತ ಮೊದಲೇ ಹೇಳಿ, ಅಮ್ಮನಿಗೆ ಕಾಫಿ ಎಷ್ಟು ಮಾಡಬೇಕು ಅಂತ ತಿಳಿಸಬೇಕು.